ಸೊನ್ನೆಯಿಂದ ಮೂರು ತಿಂಗಳು

ಪೀಣ್ಯ ಎರಡನೇ ಹಂತ. ಗೇಟು ದಾಟಿ ಎಡಕ್ಕೆ,
ಜನರೇಟರ್ ಕೋಣೆಯ ಪಕ್ಕ ನನ್ನ ಶಿಶುವಿಹಾರ.
ಕಾನೂನಿಗೆ ಹೆದರಿ ಇಟ್ಟ ತೊಟ್ಟಿಲು ಹನ್ನೊಂದು.
ಮಕ್ಕಳು ಎರಡು.
ಉಳಿದವುಗಳಲ್ಲಿ ಒಂದರಲ್ಲಿ ನನ್ನ ಊಟದ ಡಬ್ಬಿ,
ಒಂದರಲ್ಲಿ ಫಿನಾಯಿಲು.
ಇನ್ಸ್‌ಪೆಕ್ಟರು ಬರುವ ದಿನ ಎಲ್ಲ ಎತ್ತಿ
ಖಾಲಿ ಹಾಸಿಗೆಗೊಂದೊಂದು ಗಿಲಕಿ ಇಡುತ್ತೇನೆ.

ಮೇಲಿನ ಮಹಡಿಯಲ್ಲಿ ನಾನೂರು ಮಿಷನ್ನು.
ಬೆನ್ನು ಬಿದ್ದುಹೋಗುವ ತನಕ ನಾನೂ ಅಲ್ಲೇ ಹೊಲಿದೆ,
ಹದಿನಾರು ವರ್ಷ ಬರೀ ಕೂಸಿನ ಅಂಗಿ:
ಅಂಗೈಯಗಲದ ಬೆನ್ನು, ಬೆರಳುದ್ದದ ತೋಳು,
ಕುತ್ತಿಗೆಗೆ ಲೇಬಲ್ಲು, ಸೊನ್ನೆಯಿಂದ ಮೂರು ತಿಂಗಳು.
ಹಡಗು ಹತ್ತಿ ಹೋಗುತ್ತಿದ್ದವು ಚಳಿಯ ದೇಶಗಳಿಗೆ.
ಹೋದ ವರ್ಷ ಆರ್ಡರು ಅರ್ಧವಾಯಿತು.
ಈ ವರ್ಷ ಅದೇ ಕಂಪನಿ, ಅದೇ ಮೆತ್ತನೆ ಬಟ್ಟೆ,
ಅಳತೆ ಬೇರೆ: ನಾಲ್ಕು ತೋಳು, ಹೊಟ್ಟೆಯ ಕೆಳಗೆ ಗುಂಡಿ,
ಬಾಲಕ್ಕೊಂದು ತೂತು.

'ಅಲ್ಲಿ ಹೆತ್ತರೆ ಸರ್ಕಾರವೇ ದುಡ್ಡು ಕೊಡುತ್ತಂತೆ,
ಗಂಡನಿಗೂ ತಿಂಗಳುಗಟ್ಟಲೆ ರಜವಂತೆ,
ಆದರೂ ಬೇಡವಂತೆ' ಎಂದಳು ಶಶಿರೇಖಾ, ಹಾಲು ಕುಡಿಸುತ್ತ,
ಒಂದು ಕಣ್ಣು ಗಡಿಯಾರದ ಮೇಲೆ.
ಅವಳಿಗಿರುವುದು ಹದಿನೈದು ನಿಮಿಷ. ಮಗು ಹನ್ನೆರಡಕ್ಕೇ ಬಿಟ್ಟಿತು,
ಉಳಿದ ಮೂರರಲ್ಲಿ ಸುಮ್ಮನೆ ಅದರ ಮುಖ ನೋಡಿದಳು.
'ಇನ್ನೊಂದು?' ಅಂದೆ.
ನಕ್ಕಳು. ಮನೆಬಾಡಿಗೆ ಎಷ್ಟೆಂದು ಹೇಳಿದಳು.

ನಿನ್ನೆ ಕಟಿಂಗ್ ಸೆಕ್ಷನ್ನಿನ ಮಾದೇಶ ಬಂದ.
ಹೆಂಡತಿಗೆ ಮೆಟ್ರೋದಲ್ಲಿ ಬೆಳಗಿನ ಪಾಳಿ.
ಎದೆಗೆ ಟವಲಿನಲ್ಲಿ ಕಟ್ಟಿಕೊಂಡ ಕೂಸು,
ಅದರ ಮೈಮೇಲೆ ಹಳೇ ಆರ್ಡರಿನ ರಿಜೆಕ್ಟ್ ಪೀಸು, ತೋಳು ವಾರೆ.
ಕದ್ದು ಸಿಕ್ಕಿಬಿದ್ದವನ ಹಾಗೆ ಬಾಗಿಲಲ್ಲೇ ನಿಂತು
'ಗಂಡಸರ ಮಕ್ಕಳಿಗೆ ಇಲ್ಲಿ ಜಾಗ ಇಲ್ವಾ ಅಕ್ಕಾ?'
ಗಂಡಸರ ಮಕ್ಕಳು!
ಹಾಗಾದರೆ ಈ ಎರಡು ಯಾರವು, ಪುಣ್ಯಾತ್ಮ?

ರಿಜಿಸ್ಟರು ತೆಗೆದೆ. ಅಚ್ಚಾಗಿರುವುದು ಒಂದೇ ಕಾಲಂ:
ತಾಯಿಯ ಹೆಸರು, ಟೋಕನ್ ನಂಬರು.
ಆಫೀಸಿಗೆ ಫೋನು ಮಾಡಿದರೆ 'ರೂಲ್ಸ್ ನೋಡ್ತೀವಿ' ಅಂದರು.
ನೋಡಲಿ.
ತಾಯಿ ಎಂಬ ಕಡೆ ಮಾದೇಶ ಎಂದು ಬರೆದೆ,
ಏಳುನೂರ ಹದಿನೆಂಟು.
ಅಚ್ಚಿನ ಅಕ್ಷರ ಹೊಡೆದುಹಾಕಲಿಲ್ಲ.

ಡಬ್ಬಿ ಎತ್ತಿ ಕೆಳಗಿಟ್ಟೆ, ತೊಟ್ಟಿಲು ಒರೆಸಿದೆ.
ಹತ್ತೂವರೆಗೆ ಓಡಿ ಬಂದ, ಕೈತುಂಬ ಸೀಮೆಸುಣ್ಣದ ಪುಡಿ,
ಹೇಳುವ ಮುಂಚೆ ನಲ್ಲಿಯಲ್ಲಿ ತೊಳೆದುಕೊಂಡ.
ಬಾಟಲಿ ಹಿಡಿಯುವುದು ಹೇಗೆಂದು ತೋರಿಸಹೋದೆ.
ಅವನಿಗೆ ಗೊತ್ತಿತ್ತು.