ಬಿಸಿಲಿಗೆ ಹಿಡಿದು ನೋಡಿ

ಇಪ್ಪತ್ತೆರಡು ವರ್ಷ ಶಿವರಾಂಪೇಟೆಯ ಮ್ಯಾಚಿಂಗ್ ಸೆಂಟರಿನಲ್ಲಿ
ನಾನು ಹೇಳುತ್ತ ಬಂದದ್ದು ಒಂದೇ ಮಾತು:
ಟ್ಯೂಬ್‌ಲೈಟು ನಂಬಬೇಡೀಮ್ಮ,
ಬಾಗಿಲ ಹತ್ತಿರ ಬನ್ನಿ, ಬಿಸಿಲಿಗೆ ಹಿಡಿದು ನೋಡಿ.

ಬಿಳಿಯಲ್ಲೇ ನನಗೆ ಹದಿನಾರು ಬಿಳಿ ಗೊತ್ತು.
ಹಾಲು ಬಿಳಿ, ಮುತ್ತು ಬಿಳಿ, ಸುಣ್ಣ, ಕೋರಾ, ಗಂಜಿ,
ನರ್ಸುಗಳು ಕೇಳುವುದೊಂದು, ಸಿಸ್ಟರುಗಳು ಚರ್ಚಿಗೆಂದು ಒಯ್ಯುವುದು ಇನ್ನೊಂದು.
ಸರಸ್ವತಿಪುರಂ ಬೇಕರಿಯ ಮೇಲಿನ ಕ್ಲಿನಿಕ್ಕಿನಲ್ಲಿ
ಡಾಕ್ಟರ್ ಅಫ್ರೀನ್ ಹಲ್ಲಿನ ಬಿಲ್ಲೆಗಳ ಪಟ್ಟಿ ತೆಗೆದು
ಒಂದೊಂದೇ ನನ್ನ ತುಟಿಗೆ ಹಿಡಿದರು.
ಎಣಿಸಿದೆ. ಅಲ್ಲೂ ಹದಿನಾರೇ.
ನನ್ನದು ಕೊನೆಯ ಸಾಲಿನ ಚಾ ಬಣ್ಣ.

ಸೇಟು ಕಾಂತಿಲಾಲರ ಸೊಸೆ ಪೂರ್ವಿ ಮೊಬೈಲು ಹಿಡಿದು
"ಚೆಲುವಕ್ಕ, ನಗಿ" ಅಂದಿದ್ದಳು. ಆಮೇಲೆ, ಮೆತ್ತಗೆ,
"ಬಾಯಿ ಮುಚ್ಚಿಕೊಂಡು ನಗಿ."
ಚೀಟಿ ಎತ್ತಿದೆ. ಅಷ್ಟೇ.
ಮಗಳಿಗೆ ಅಂತ ಸುಳ್ಳು ಹೇಳಿ ಎತ್ತಿದೆ.

ಕಿತ್ತಳೆ ಬಣ್ಣದ ಕನ್ನಡಕ. ತುಟಿ ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ಕು.
ಹಲ್ಲಿಗೆ ಅಂಟು ಮೆತ್ತಿ, ಮೂತಿಯೆದುರು ನೀಲಿ ದೀಪ.
ಹದಿನೈದು ಹದಿನೈದು ನಿಮಿಷದಂತೆ ಮೂರು ಸಲ
ಮಾತೇ ಹೊಟ್ಟೆಪಾಡಾದವಳು ಬಾಯಿ ತೆರೆದೂ ಮೂಕಿ.

"ನೋವಾದರೆ ಕೈ ಎತ್ತಿ" ಅಂದಿದ್ದರು.
ಮೂರನೆಯ ಸಲ ಒಳಗೆ ಯಾರೋ
ಗಾಜು ಮೆತ್ತಿದ ದಾರ ಎಳೆದರು,
ಕಿವಿಯ ತನಕ ಜುಮ್ಮೆಂದಿತು.
ಎತ್ತಲಿಲ್ಲ.
ಕೈ ಎತ್ತುವವನೆದುರು ಕೈ ಕಟ್ಟಿ ನಿಂತು ನನಗೆ ರೂಢಿ.

ಎರಡು ದಿನ ಬಿಳಿ ಊಟ ಅಂತ ಚೀಟಿ ಕೊಟ್ಟರು.
ಕಾಫಿ ಇಲ್ಲ, ಅರಿಶಿನ ಇಲ್ಲ, ಬೀಟ್‌ರೂಟು ಇಲ್ಲ,
ಸಾಂಬಾರಿಲ್ಲದ ಇಡ್ಲಿ, ಒಗ್ಗರಣೆಯಿಲ್ಲದ ಮೊಸರನ್ನ.
ಆ ಮೊಸರೂ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಕಾಯಬೇಕು.
ನೀರು ಉಗುರುಬೆಚ್ಚಗೆ. ಮಾತು ಕೂಡ
ಸೆರಗು ಅಡ್ಡ ಹಿಡಿದು, ತಣ್ಣನೆ ಗಾಳಿ ತಾಗದ ಹಾಗೆ.
ಮಾವಿನಕಾಯಿ ಕಚ್ಚದೆಯೇ ಹಲ್ಲು ಚಳಿತು ಕೂತಿತ್ತು.

ಡಾಕ್ಟರು ಹೇಳಿದ್ದು: ಹಲ್ಲೊಳಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ,
ಈಗ ಬಾಯಿ ತೆರೆದುಕೊಂಡಿವೆ, ನಾಲ್ಕು ದಿನ ತಡೆಯಿರಿ.
ಇದು ನನಗೆ ಹೊಸತಲ್ಲ.
ಟೂ ಬೈ ಟೂ ರುಬಿಯಾ ಬ್ಲೀಚಿಗೆ ಹಾಕಿ ನೋಡಿ,
ಬಣ್ಣ ಬಿಡುವಾಗ ಎಳೆ ಎಳೆಯ ನಡುವೆ
ಗಾಳಿ ನುಗ್ಗುವುದು ಕೈಗೆ ತಿಳಿಯುತ್ತದೆ.

ನಾಲ್ಕನೆಯ ದಿನ ಅಂಗಡಿ ಬಾಗಿಲಲ್ಲಿ
ಪುಟ್ಟ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ನಕ್ಕೆ.
ಬೆಳ್ಳಗಾಗಿದ್ದವು, ನಿಜ.
ನಡುವೆ ಒಂದು ಮಾತ್ರ ಹಾಗೇ, ಹಳೆಯ ಚಾ.

ಅದು ಹಲ್ಲಲ್ಲ, ಕ್ಯಾಪು.
ಮೆಟ್ಟಿಲಿಂದ ಬಿದ್ದೆ ಅಂತ ಎಲ್ಲರಿಗೂ ಹೇಳಿದ ವರ್ಷ
ಉಳಿದ ಹಲ್ಲಿನ ಬಣ್ಣ ನೋಡಿ ಕೂರಿಸಿದ್ದು.
ಆವತ್ತು ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ
ನಾನೇ ಮರೆತಿದ್ದೆ.
"ಅದಕ್ಕೆ ಬೆಳಕು ಹತ್ತದು" ಅಂತ ಡಾಕ್ಟರು ಮೊದಲೇ ಹೇಳಿದ್ದರು,
ಕಾಗದದಲ್ಲೂ ಬರೆದಿತ್ತು, ನಾನೇ ರುಜು ಹಾಕಿದ್ದೆ.

ಅಕ್ಕಪಕ್ಕದವು ಗಾಳಿ ಸೋಕಿದರೆ ಒದ್ದಾಡುತ್ತವೆ.
ಅದಕ್ಕೆ ಏನೂ ಇಲ್ಲ,
ಹೊರಗಿನವರ ಹಾಗೆ ಸುಮ್ಮನೆ ನಿಂತಿದೆ.

"ಹೊಸ ಕ್ಯಾಪು ಹಾಕಿಸಬಹುದು" ಅಂದಿದ್ದಾರೆ. ನೋಡೋಣ,
ಇನ್ನೊಂದು ಚೀಟಿ ಮುಗಿಯಲಿ.

ಅಷ್ಟರಲ್ಲಿ ಪೂರ್ವಿ ಮೊಬೈಲು ಹಿಡಿದು ಬಂದಳು,
ಹಿಂದೆಯೇ ಒಬ್ಬ ಅಜ್ಜಿ, ಮಡಿಸಿದ ಕಡೆ ನಮೆದ ರೇಷ್ಮೆ ಸೀರೆ ಎತ್ತಿಕೊಂಡು:
"ಮೊದಲಿದ್ದ ಕುಪ್ಪಸದ ಬಣ್ಣವೇ ಬೇಕು ಕಣಮ್ಮ, ಅದೇ."
ಸೀರೆ ಬಾಗಿಲಿಗೆ ಒಯ್ದೆ, ಬಿಸಿಲಿಗೆ ಹಿಡಿದೆ,
ಬಾಯಿ ತುಂಬ ನಕ್ಕೆ, ಜುಮ್ಮೆಂದಿತು, ಮುಚ್ಚಲಿಲ್ಲ.
ಆ ಶೇಡಿನ ಥಾನು ಈಗ ಬರ್ತಿಲ್ಲಜ್ಜಿ, ಅಂದೆ.