ಎಡಹಿಂದಿನ ಸ್ಪೀಕರು

ಬೆಂದೂರ್‌ವೆಲ್ಲಿನ ಮಹಡಿಯಲ್ಲಿ ಹಿಲರಿ
ಆರು ಪಟ್ಟಿಯ ಸದ್ದನ್ನು ಬೂಷ್ಟು ಒರೆಸಿ ಜೋಡಿಸಿದ್ದಾನೆ.
ರೈಲು ಎಡದಿಂದ ಬಲಕ್ಕೆ ಸರಿಯಾಗಿಯೇ ಹೋಯಿತು.

ಕೇಳಲು ಬಂದವರು ಐತಪ್ಪಣ್ಣ,
ಹಂಪನಕಟ್ಟೆಯ ಟಾಕೀಸಿನಲ್ಲಿ ಇದೇ ರೀಲು
ಹದಿನೇಳು ವಾರ ಓಡಿಸಿದವರು.
"ನಮ್ಮಲ್ಲಿ ಎಡಹಿಂದಿನದ್ದರ ವಯರು ಇಲಿ ತಿಂದಿತ್ತು.
ಆ ಮೂಲೆಯಲ್ಲಿ ಬರೀ ಫ್ಯಾನು, ಕಡಲೆಸಿಪ್ಪೆ,
ಒಮ್ಮೊಮ್ಮೆ ಬಂದರಿನ ಹಾರನ್ನು."

ಕೊನೆಯ ದೃಶ್ಯ. ಅವಳು ಹೊಸಿಲು ದಾಟುತ್ತಾಳೆ.
ಇವರ ಬೆನ್ನ ಹಿಂದೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರ:
"ಚಿಲಕ ಹಾಕಬೇಡಿ."

ಐತಪ್ಪಣ್ಣ ತಿರುಗಿ ನೋಡಿದರು.
ಗೋಡೆ, ಕಪ್ಪು ಡಬ್ಬ.

ಹದಿನೇಳು ವಾರ, ದಿನಕ್ಕೆ ಮೂರು ಆಟ,
ಒಂದು ಮಾತೂ ಆಡದೆ ಹೋದಳೆಂದು
ಊರಿಗೆ ಊರೇ ಅವಳನ್ನು ಬೈದುಕೊಂಡು
ಲಾಸ್ಟ್ ಬಸ್ಸು ಹತ್ತಿತ್ತು.

"ಇನ್ನೊಮ್ಮೆ ಹಾಕಲಾ?" ಅಂದ ಹಿಲರಿ.
"ಸ್ವಲ್ಪ ನಿಲ್ಲು ಮಾರಾಯ."