ದುಭಾಷಿ

ದಿನಕ್ಕೆ ಎರಡು ಸಾವಿರ ಶಿಲ್ಲಿಂಗ್, ಮಧ್ಯಾಹ್ನದ ಊಟ,
ಒಂದು ನೀಲಿ ಟೋಪಿ. ಇಷ್ಟಕ್ಕೆ
ನಾಲಿಗೆಯನ್ನು ಬಾಡಿಗೆಗೆ ಕೊಟ್ಟಿದ್ದೆ.
ಇಸಿಯೊಲೊದಿಂದಾಚೆ ಮುಳ್ಳುಜಾಲಿಯ ಕೆಳಗೆ ಸಭೆ.
ನಕ್ಷೆ ಹಾರದಂತೆ ಮೂಲೆಗೊಂದು ಕಲ್ಲು.

ನೈರೋಬಿಯವರು ಕಾರಿಡಾರ್ ಅಂದರು.
ನಮ್ಮ ಬೋರಾನ ಮಾತಿನಲ್ಲಿ ಅದಕ್ಕೆ ಪದ ಸಿಗಲಿಲ್ಲ.
ದೊಡ್ಡ ಮನೆಗಳಲ್ಲಿರುತ್ತಲ್ಲ, ತಡವರಿಸಿದೆ,
ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಓಣಿ.
ಹಾಲಿನ ಕ್ಯಾನಿನ ಮೇಲೆ ಕೂತಿದ್ದ ಗುಯಾತು ಕೇಳಿದಳು:
"ಕೋಣೆಗಳು ಯಾರವು?"
ಒಂದು ಬಂದರಿನದು, ಒಂದು ಕಡಲಿಲ್ಲದ ದೇಶದ್ದು.
"ಹಾಗಾದರೆ ನಾವು
ಹಾದುಹೋಗುವವರ ಕಾಲಡಿಯ ನೆಲ."
ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.
ಸ್ವಾಗತಿಸುತ್ತಿದ್ದಾರೆ, ಅಂದೆ.

ಅರ್ಧ ಬಂಡವಾಳ ಸರ್ಕಾರದ್ದು, ಅರ್ಧ ಕಂಪನಿಯದು.
ಇದು ಸುಲಭ. ಜಂಟಿ ಒಂಟೆ, ಅಂದೆ.
"ಹಗ್ಗ ಹಿಡಿಯುವವನು ಯಾರು, ಹಾಲು ಕರೆಯುವವನು ಯಾರು?
ಮೇಯಿಸುವವರು ನಾವೇ ತಾನೆ?"
ಎಲ್ಲರೂ ನಕ್ಕರು. ಎಂಜಿನಿಯರ್
ಆ ನಗುವಿಗೂ ಅರ್ಥ ಬೇಕೆಂಬಂತೆ ನನ್ನ ಮುಖ ನೋಡಿದ.

ಒಂಟೆ ದಾಟುವುದೆಲ್ಲಿ?
ಅವನು ಪೆನ್ನು ತೆಗೆದು
ಹತ್ತು ಕಿಲೋಮೀಟರಿಗೊಂದು ಚುಕ್ಕೆ ಇಟ್ಟ.
ತಲೆ ಎತ್ತದೆಯೇ ಕೇಳಿದ: ಎಷ್ಟು ಎತ್ತರ ಬೇಕು?
ಗುಯಾತು ಎದ್ದಳು. ತುದಿಗಾಲಲ್ಲಿ ನಿಂತಳು.
ಕೈ ಮೇಲೆತ್ತಿದಳು, ಕೈಯಲ್ಲಿ ಕೋಲಿತ್ತು.
ಊಟದ ಹೊತ್ತು ಮೀರುತ್ತಿತ್ತು. ಆಳೆತ್ತರ, ಮೇಲೊಂದು ತೋಳು,
ಅಂದುಬಿಟ್ಟೆ. ಬರೆದುಕೊಂಡ.
ಕೋಲು ನನ್ನ ಬಾಯಲ್ಲೇ ಉಳಿಯಿತು.

ರಸ್ತೆ ಬಂತು. ಸುಳ್ಳೇಕೆ,
ಬೆಳಗಿನ ಹಾಲು ಈಗ ಹುಳಿಯಾಗದೆ ನೈರೋಬಿ ಮುಟ್ಟುತ್ತದೆ,
ಗುಯಾತುವಿನ ಮಗಳು ಫೋನಿನಲ್ಲೇ ಲೆಕ್ಕ ಚುಕ್ತಾ ಮಾಡುತ್ತಾಳೆ,
ಹೆರಿಗೆ ನೋವು ಬಂದವರು ಆಸ್ಪತ್ರೆಗೆ ಹೋಗಿ ತಿರುಗಿ ಬರುತ್ತಾರೆ.
ಸಂಜೆ ಸೇತುವೆಯಡಿ
ಮರಿಗಳು ಓಡುತ್ತವೆ, ದೊಡ್ಡವು ಕತ್ತು ಬಗ್ಗಿಸಿ
ಸಾಲ ಕೇಳಲು ಬಂದವರ ಹಾಗೆ ಹೋಗುತ್ತವೆ.
ಒಂದು ಮುದಿ ಹೆಣ್ಣೊಂಟೆ ಮಾತ್ರ ಬಾಗಿಲಲ್ಲೇ ನಿಂತು
ಕಾಂಕ್ರೀಟು ಮೂಸಿ
ಒಲ್ಲೆ ಅನ್ನುತ್ತದೆ.

ಮೊನ್ನೆ ನಾನಿದ್ದ ಬಸ್ಸು ಗಕ್ಕನೆ ನಿಂತಿತು.
ಮುಂದೆ ಎಂಟು ಕಂಟೇನರ್ ಲಾರಿ, ಹಾರನ್ನು, ಬೈಗುಳ.
ಮೇಲಿನ ದಾರಿಯಲ್ಲೇ ಆ ಒಂಟೆಯನ್ನು ದಾಟಿಸುತ್ತಿದ್ದಳು ಗುಯಾತು,
ಅವಸರವಿಲ್ಲದೆ,
ಅಂದು ನಾನು ಬಿಟ್ಟ ಕೋಲನ್ನು
ತೋಳುದ್ದ ಮೇಲೆತ್ತಿ.

ಪಕ್ಕದವನು ಕೇಳಿದ: ಏನಂತೆ ಅವಳಿಗೆ?
ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡೆ.